ಏಟು ಒಂದೇ, ಗುರಿ ಬೇರೆ

ನಮ್ಮ ಬೀದಿಯ ಗೆಳತಿಯೊಬ್ಬರ ಅಕ್ಕ 1987ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿದ್ದರು. ಆ ವರ್ಷ ಅಲ್ಲಿ ಕೆಲವು ಪುಂಡರು ‘ಡಾಟ್‌ಬಸ್ಟರ್ಸ್’, ಅಂದರೆ ಬೊಟ್ಟಿನವರನ್ನು ಬಡಿಯುವವರು, ಎಂದು ಹೆಸರಿಟ್ಟುಕೊಂಡು, ಭಾರತೀಯರನ್ನು ಊರು ಬಿಡಿಸುತ್ತೇವೆಂದು ಪತ್ರಿಕೆಗೆ ಕಾಗದ ಬರೆದರು. ಆ ಹೆಸರಿಗೆ ಅವರು ಹಿಡಿದ ಗುರುತು ಹೆಂಗಸರ ಹಣೆಯ ಬೊಟ್ಟು. ಪಕ್ಕದ ಹೊಬೋಕೆನ್‌ನಲ್ಲಿ ಭಾರತೀಯರೊಬ್ಬರು ಪೆಟ್ಟು ತಿಂದು ಸತ್ತೇಹೋದರು. ಹಲ್ಲೆಗೆ ಶಿಕ್ಷೆಯಾಯಿತು, ಕೊಲೆಗೆ ಯಾರಿಗೂ ಆಗಲಿಲ್ಲ. “ನಮ್ಮಕ್ಕ ಹೊಸಿಲು ದಾಟುವ ಮೊದಲು ಕುಂಕುಮ ಒರೆಸಿಕೊಳ್ಳುತ್ತಿದ್ದರಂತೆ ಟೀಚರೇ” ಎನ್ನುವಾಗ ಗೆಳತಿಗೆ ಈಗಲೂ ಕಣ್ಣು ತುಂಬುತ್ತದೆ. ಕೇಳುವ ನನಗೂ ತುಂಬುತ್ತದೆ.

ಅದೇ ಗೆಳತಿ 2024ರ ಅಕ್ಟೋಬರಿನಲ್ಲಿ ಪೇಪರು ಹಿಡಿದುಕೊಂಡು ಬಂದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಸಿನಿಮಾ ಟಿಕೆಟಿನ ಗಲಾಟೆಯ ನಂತರ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದರು. ಆ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. (ಅವರಲ್ಲಿ ಹೆಚ್ಚಿನವರಿಗೆ ಆಮೇಲೆ ಹೈಕೋರ್ಟು ಜಾಮೀನು ನೀಡಿತು.) “ಜಗಳ ಅಂದ್ರೆ ಜಗಳ. ಅದಕ್ಕೆ ಜಾತಿ ಯಾಕೆ ಸೇರಿಸ್ಬೇಕು?” ಎಂದರು ಗೆಳತಿ. ಕಾಫಿ ಲೋಟ ಕೈಯಲ್ಲೇ ಉಳಿಯಿತು. ಅಕ್ಕನ ಕುಂಕುಮಕ್ಕೆ ಅತ್ತ ಕಣ್ಣು ಇದೇ ತಾನೇ?

ಅವರನ್ನು ಬೈಯುವ ಅಧಿಕಾರ ನನಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ಶಾಲೆಯ ನಲ್ಲಿಯ ಹತ್ತಿರ ಇಬ್ಬರು ಹುಡುಗರು ಹೊಡೆದಾಡಿದರು. “ನೀನು ಮುಟ್ಟಬೇಡ” ಎಂದು ಒಬ್ಬ ಇನ್ನೊಬ್ಬನನ್ನು ತಳ್ಳಿದ್ದ. ನಾನು ನ್ಯಾಯವಂತಳಂತೆ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದೆ. ಮಾರನೆಯ ದಿನ ನೋಡಿದರೆ, ತಳ್ಳಿಸಿಕೊಂಡವನಷ್ಟೇ ಅಲ್ಲ, ಅವನ ಕೇರಿಯ ಮಕ್ಕಳೆಲ್ಲ ಮನೆಯಿಂದಲೇ ಬಾಟಲಿಯಲ್ಲಿ ನೀರು ತಂದಿದ್ದರು. ಪೆನ್ಸಿಲಿಗಾಗಿ ಬಿದ್ದ ಏಟು ಒಬ್ಬನಿಗೆ ಬೀಳುತ್ತದೆ. ‘ನಿನ್ನಂಥವರು’ ಎಂದು ಬಿದ್ದ ಏಟು ಇಡೀ ಸಾಲಿಗೆ ಬೀಳುತ್ತದೆ. ‘ಕೊಲೆ ಕೊಲೆಯೇ, ದ್ವೇಷವೆಂದು ಬೇರೆ ಲೆಕ್ಕವೇಕೆ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಈ ಪಾಠವನ್ನು ಬೇರೆ ದೇಶಗಳೂ ಸುಲಭವಾಗಿ ಕಲಿಯಲಿಲ್ಲ. 1993ರ ಏಪ್ರಿಲಿನಲ್ಲಿ ಲಂಡನ್ನಿನ ಬಸ್ ನಿಲ್ದಾಣವೊಂದರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18ರ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ಅವನ ತಾಯಿ ಡೊರೀನ್ ವರ್ಷಗಟ್ಟಲೆ ಹೋರಾಡಿದ ಮೇಲೆ, 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂತು. ಪೊಲೀಸ್ ಇಲಾಖೆಯೊಳಗೇ ವರ್ಣಭೇದ ಬೇರೂರಿದೆ ಎಂದಿತು. ಅದು ಇನ್ನೂ ಒಂದು ಮಾತು ಹೇಳಿತು: ನೊಂದವರಿಗಾಗಲಿ, ಬೇರೆ ಯಾರಿಗೇ ಆಗಲಿ, ಇದು ವರ್ಣದ್ವೇಷ ಎನಿಸಿದರೆ ಮೊದಲು ಹಾಗೆಂದೇ ದಾಖಲಿಸಬೇಕು. ಶಿಕ್ಷೆಗೆ ಪುರಾವೆ ಬೇಕು, ನಿಜ. ಆದರೆ ದೂರು ಬರೆಯುವ ಪೆನ್ನು ನೊಂದವರ ಮಾತನ್ನು ಕೇಳಬೇಕು. ಇಬ್ಬರು ಹಂತಕರಿಗೆ ಶಿಕ್ಷೆಯಾಗಿದ್ದು 2012ರಲ್ಲಿ, 19 ವರ್ಷಗಳ ಮೇಲೆ.

ಜರ್ಮನಿಯ ಕತೆ ಇನ್ನೂ ನಾಚಿಕೆಯದು. ಹಿಟ್ಲರನ ಪಾಪ ನೆನೆದು ನಾಜಿ ಚಿಹ್ನೆಗಳನ್ನೇ ನಿಷೇಧಿಸಿದ ದೇಶ ಅದು. ಅಲ್ಲಿ 2000ದಿಂದ 2007ರವರೆಗೆ ನವನಾಜಿಗಳ ಗುಂಪೊಂದು ಹತ್ತು ಜನರನ್ನು ಕೊಂದಿತು, ಅವರಲ್ಲಿ ಎಂಟು ಮಂದಿ ತುರ್ಕಿ ಮೂಲದವರು. ಪೊಲೀಸರು ಸಂಶಯಪಟ್ಟಿದ್ದು ಸತ್ತವರ ಮನೆಯವರನ್ನೇ! ಗಂಡನನ್ನು ಕಳೆದುಕೊಂಡವಳನ್ನು ಕೂರಿಸಿ, ಅವನಿಗೆ ಮಾದಕ ವಸ್ತುವಿನ ವ್ಯವಹಾರವಿತ್ತೇ ಎಂದು ಕೇಳಿದರು. ನಿಜ ಹೊರಬಿದ್ದದ್ದು 2011ರಲ್ಲಿ. ಶಿಕ್ಷೆ ಹೇಳುವಾಗ ಜನಾಂಗದ್ವೇಷವನ್ನು ತೂಗಬೇಕೆಂದು ಕಾನೂನಿನಲ್ಲಿ ಬರೆದದ್ದು 2015ರಲ್ಲಿ.

ಅಮೆರಿಕ ಲೆಕ್ಕ ಇಡುವ ದೇಶ. ಇಂಥ ಅಪರಾಧಗಳನ್ನು ಎಣಿಸಲು 1990ರಲ್ಲಿ ಕಾನೂನು ಮಾಡಿತು, 2009ರಲ್ಲಿ ಇನ್ನಷ್ಟು ಬಿಗಿ ಮಾಡಿತು. 2017ರಲ್ಲಿ ಕ್ಯಾನ್ಸಾಸ್‌ನಲ್ಲಿ ನಮ್ಮ ತೆಲುಗು ಎಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲರನ್ನು ಗುಂಡಿಟ್ಟು ಕೊಂದವನಿಗೆ, ಕೊಲೆಗೂ ದ್ವೇಷಕ್ಕೂ ಬೇರೆಬೇರೆಯಾಗಿ ಜೀವಾವಧಿ ಶಿಕ್ಷೆಯಾಯಿತು. ಆದರೆ ಕೇಂದ್ರಕ್ಕೆ ಆ ಲೆಕ್ಕ ಕಳಿಸುವುದು ಊರೂರಿನ ಪೊಲೀಸರ ಇಷ್ಟಕ್ಕೆ ಬಿಟ್ಟದ್ದು. ಕಳಿಸದ ಊರಿನಲ್ಲಿ ದ್ವೇಷವೇ ಇಲ್ಲವೆಂದು ಓದಿಕೊಳ್ಳಬೇಕು!

ಹಾಗಾದರೆ ನಾವು ಹಿಂದುಳಿದಿದ್ದೇವೆಯೇ? ಕಾಗದದ ಮೇಲಂತೂ ಅಲ್ಲ. ಅಮೆರಿಕದ ಎಣಿಕೆಯ ಕಾನೂನಿಗಿಂತ ಒಂದು ವರ್ಷ ಮೊದಲೇ, 1989ರಲ್ಲಿ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆ ಮಾಡಿದೆವು. 2024ರ ಜುಲೈಯಿಂದ ಜಾರಿಯಾದ ಹೊಸ ದಂಡಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಕೊಂದರೆ ಮರಣದಂಡನೆಯೋ ಜೀವಾವಧಿಯೋ ಇದೆ. ಆದರೆ 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರು ಬೆಂಕಿಯಲ್ಲಿ ಬೆಂದುಹೋದರಲ್ಲ, ಏನಾಯಿತು? ಸಾಕ್ಷಿಗಳು ತಿರುಗಿ ನಿಂತರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಸಾಕ್ಷಿ ಹೇಳಿದವನು ಮರುದಿನ ಅದೇ ಊರಿನಲ್ಲಿ ಬಾಳಬೇಕು. ಕೂಲಿ ಯಾರ ಹೊಲದಲ್ಲಿ, ಸಾಮಾನು ಯಾರ ಅಂಗಡಿಯಲ್ಲಿ? ಕಾನೂನಿನ ಪುಸ್ತಕ ಅವನ ಮನೆಗೆ ಕಾವಲು ಕೂರುವುದಿಲ್ಲ.

“ಸುಳ್ಳು ದೂರು ಕೊಡುತ್ತಾರೆ” ಎನ್ನುವವರಿದ್ದಾರೆ. ಕೊಡುವವರೂ ಇರಬಹುದು. ಅದನ್ನು ತೀರ್ಮಾನಿಸಲೆಂದೇ ವಿಚಾರಣೆ ಇರುವುದು. ಹೆಂಗಸರಾದ ನಾವು ಈ ಮಾತನ್ನು ಹೊಸದಾಗಿ ಕೇಳುತ್ತಿಲ್ಲ. ಒಂದು ಕಾಲದಲ್ಲಿ ಸೊಸೆ ಸುಟ್ಟು ಸತ್ತರೆ ‘ಸ್ಟೋವ್ ಸಿಡಿಯಿತು’ ಎಂದು ಬರೆದು ಮುಗಿಸುತ್ತಿದ್ದರು. ಹೊಡೆತ ತಿಂದು ಠಾಣೆಗೆ ಹೋದವಳಿಗೆ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಗಾದೆ ಹೇಳಿ ಕಳಿಸುತ್ತಿದ್ದರು. ಸ್ಟೋವು ಸೊಸೆಯಂದಿರನ್ನೇ ಹುಡುಕಿಕೊಂಡು ಏಕೆ ಸಿಡಿಯುತ್ತದೆ ಎಂದು ಹೆಂಗಸರು ಬೀದಿಗಿಳಿದು ಕೇಳಿದರು. ಅದಕ್ಕೇ 1986ರಲ್ಲಿ ‘ವರದಕ್ಷಿಣೆ ಸಾವು’ ಎಂಬ ಹೆಸರು ಕಾನೂನಿಗೆ ಬಂತು. ಸಾವು ಎಲ್ಲರದೂ ಸಾವೇ ಎಂದು ನಾವು ಸುಮ್ಮನಿದ್ದೆವೇ? ಹೆಸರಿಡದ ಕಾಯಿಲೆಗೆ ಮದ್ದಿಲ್ಲ ಎಂದು ಬಲ್ಲ ನಾವೇ, ಇನ್ನೊಬ್ಬರ ನೋವಿಗೆ ಹೆಸರಿಡುವಾಗ ಮಾತ್ರ ಮೂಗು ಮುರಿಯುವುದು ಯಾವ ನ್ಯಾಯ?

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಬಾರದು. ಜೆರ್ಸಿ ಸಿಟಿಯ ಪುಂಡರನ್ನು ಬೈಯೋಣ, ಖಂಡಿತ. ಜೊತೆಗೆ ನಮ್ಮ ಊಟದ ಮನೆಯಲ್ಲಿ ಪೇಪರು ಓದುತ್ತಾ ‘ಏನೋ ಸಣ್ಣ ಜಗಳ’ ಎಂದು ಮಕ್ಕಳ ಎದುರಿಗೆ ಹೇಳುವ ಮೊದಲು ಒಂದು ಗಳಿಗೆ ತಡೆಯೋಣ. ಮುಂದೆ ಪೊಲೀಸರೋ, ಪಂಚಾಯಿತಿ ಸದಸ್ಯರೋ, ಸಾಕ್ಷಿಗಳೋ ಆಗುವವರು ಅದೇ ಮಕ್ಕಳು.

ಗೆಳತಿಗೆ ಆ ದಿನ ನಾನು ಕೇಳಿದ್ದು ಒಂದೇ: “ನಿಮ್ಮಕ್ಕ ಕುಂಕುಮ ಒರೆಸಿಕೊಂಡದ್ದೂ ಸಣ್ಣ ಜಗಳವೇ?” ಅವರು ಉತ್ತರ ಕೊಡಲಿಲ್ಲ. ಪೇಪರನ್ನು ಮಡಿಸಿ ಬಿಟ್ಟುಹೋಗಲೂ ಇಲ್ಲ. ಮತ್ತೆ ಬಿಡಿಸಿ, ಆ ಸುದ್ದಿಯನ್ನು ಮೊದಲಿನಿಂದ ಓದತೊಡಗಿದರು.