ಕವಾಯತು ಮಂದಿರವೂ ತಂತಿಯ ಪಂಜರವೂ

ಸೈನಿಕರು ತೊರೆದ ಕಟ್ಟಡಗಳನ್ನು ಕೆಡವುವುದೇ ವಿವೇಕವೆಂದು ವಾದಿಸುವ ಮಹನೀಯರು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಪಟ್ಟಣದ ಕವಾಯತು ಮಂದಿರದ ವೃತ್ತಾಂತವನ್ನು ಕೇಳತಕ್ಕದ್ದು.

1904ರಲ್ಲಿ ನಿರ್ಮಿತವಾದ ಆ ಮಂದಿರದಲ್ಲಿ ಕಲಿಸುತ್ತಿದ್ದುದು ಒಂದೇ ಪಾಠ: ಆಜ್ಞೆಯಾದೊಡನೆ ಹೆಜ್ಜೆಯಿಡುವುದು. ಆಜ್ಞೆಯನ್ನು ಧಿಕ್ಕರಿಸಿದವರ ವಿಚಾರಣೆಯೂ 1956ರ ಡಿಸೆಂಬರ್ 19ರಂದು ಅಲ್ಲಿಯೇ ಆರಂಭವಾಯಿತು. ಆಪಾದಿತರು 156 ಮಂದಿ, ಆಪಾದನೆಯು ರಾಜದ್ರೋಹ, ಅದಕ್ಕೆ ಮರಣದಂಡನೆಯೂ ಉಂಟು. ಲುಥುಲಿ, ಮಂಡೇಲ, ಅಹಮದ್ ಕಥ್ರಾಡಾ ಮೊದಲಾದವರನ್ನು ತಂತಿಯ ಪಂಜರದಲ್ಲಿ ಕೂಡಿಸಿದರು. ವಕೀಲರು ಪ್ರತಿಭಟಿಸಿದ ಮೇಲೆ ಪಂಜರವನ್ನು ತೆಗೆಯಬೇಕಾಯಿತು. ನಿಷೇಧಾಜ್ಞೆಗಳಿಂದ ಅಗಲಿದ್ದ ನಾಯಕರು ಒಂದೆಡೆ ಸೇರಿ ಸಮಾಲೋಚಿಸುವ ಅವಕಾಶವನ್ನು ಸರಕಾರವೇ ಒದಗಿಸಿದಂತಾಯಿತು! ವಿಚಾರಣೆಯು ಪ್ರಿಟೋರಿಯಕ್ಕೆ ವರ್ಗವಾಗಿ, 1961ರ ಮಾರ್ಚಿನಲ್ಲಿ ಕೊನೆಯವರೆಗೆ ಉಳಿದಿದ್ದ ಆಪಾದಿತರೆಲ್ಲರೂ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು.

ಕಾಲಾನಂತರದಲ್ಲಿ ಆ ಮಂದಿರವು ಪಾಳುಬಿದ್ದು, ನಿರ್ಗತಿಕರ ಬೀಡಾಗಿ, ಬೆಂಕಿಗೆ ತುತ್ತಾಯಿತು. 2004ರಲ್ಲಿ ಅದರ ಜೀರ್ಣೋದ್ಧಾರವಾಯಿತು.

“ಬಡವರಿಗೆ ನೆಲೆಯಿಲ್ಲದಿರುವಾಗ ಹಳೆಯ ಗೋಡೆಗಳಿಗೇಕೆ ಹಣ?” ಎಂದು ಆಕ್ಷೇಪಿಸುವವರುಂಟು. ಉತ್ತರವು ಸುಲಭ. ಪಾಳುಬಿಟ್ಟ ಮಂದಿರವು ಬಡವರನ್ನೂ ಕಾಯಲಿಲ್ಲ, ಇತಿಹಾಸವನ್ನೂ ಕಾಯಲಿಲ್ಲ. ಉಪೇಕ್ಷೆಯು ಯಾರಿಗೂ ಉಪಕಾರವಲ್ಲ. ಗ್ರಂಥಗಳು ತೀರ್ಪನ್ನು ಹೇಳಿಯಾವು. ಪಂಜರವು ಎಲ್ಲಿ ನಿಂತಿತ್ತೆಂಬುದನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಬೇಕಾದರೆ ಆ ನೆಲವೇ ಉಳಿದಿರಬೇಕು. ಅದನ್ನು ಕೆಡವುವವನು ಗೋಡೆಯನ್ನಲ್ಲ, ಸಾಕ್ಷಿಯನ್ನೇ ಕೆಡವುತ್ತಾನೆ.