ಓದುವವರಿಲ್ಲದ ಸಂಶೋಧನೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಫೆಬ್ರುವರಿಯಲ್ಲಿ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು. ಯಾವ ಪತ್ರಿಕೆಯ ಲೇಖನ ಮಾನ್ಯ, ಯಾವುದು ಅಲ್ಲ ಎಂಬುದನ್ನು ಇನ್ನು ಉನ್ನತ ಶಿಕ್ಷಣ ಸಂಸ್ಥೆಗಳೇ ನಿರ್ಧರಿಸಬೇಕು. ಅಧ್ಯಾಪಕರ ವಲಯದಾಚೆ ಹೆಚ್ಚು ಚರ್ಚೆಯಾಗದ ಈ ನಿರ್ಧಾರವು, ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನೆಯ ಗುಣಮಟ್ಟಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಮತ್ತೆ ಮುಂದಿಟ್ಟಿದೆ.

ಈ ಪಟ್ಟಿಗಳ ಹಿನ್ನೆಲೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 2010ರ ನಿಯಮಾವಳಿಯು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ತಜ್ಞರ ಪರಿಶೀಲನೆಗೆ ಒಳಪಟ್ಟು ಪ್ರಕಟವಾದ ಲೇಖನಕ್ಕೆ 15 ಅಂಕ. ಅಂಥ ಪರಿಶೀಲನೆಯಿಲ್ಲದ, ಆದರೆ ಐಎಸ್‌ಎಸ್‌ಎನ್ ಸಂಖ್ಯೆ ಇರುವ ಪತ್ರಿಕೆಯ ಲೇಖನಕ್ಕೆ 10 ಅಂಕ. ವರ್ಷಗಟ್ಟಲೆಯ ಶ್ರಮಕ್ಕೂ ಅವಸರದ ಬರಹಕ್ಕೂ ನಡುವಿನ ಅಂತರ ಐದೇ ಅಂಕ! ಶುಲ್ಕ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬ ಗ್ರೆಶಾಮನ ನಿಯಮ ವಿದ್ಯಾಕ್ಷೇತ್ರಕ್ಕೂ ಅನ್ವಯಿಸಿತು. 2017ರಲ್ಲಿ ಆಯೋಗವು ಅನುಮೋದಿತ ಪತ್ರಿಕೆಗಳ ಪಟ್ಟಿ ಪ್ರಕಟಿಸಿತು. ಮರುವರ್ಷವೇ ಅದರಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದರ ಜಾಗಕ್ಕೆ ಬಂದದ್ದೇ ಕೇರ್ ಪಟ್ಟಿ. ಈಗ ಅದೂ ಇಲ್ಲ.

ಇದನ್ನು ಅಧ್ಯಾಪಕರ ನೈತಿಕ ಅಧಃಪತನವೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ಸಮಾಜಶಾಸ್ತ್ರ ಬೇರೊಂದು ನೋಟವನ್ನು ಕೊಡುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1942ರಲ್ಲಿ ವಿಜ್ಞಾನಲೋಕದ ನಾಲ್ಕು ಮೌಲ್ಯಗಳನ್ನು ಗುರುತಿಸಿದರು: ಜ್ಞಾನ ಎಲ್ಲರ ಸ್ವತ್ತು, ಹೇಳಿದವರು ಯಾರೆಂಬುದಕ್ಕಿಂತ ಹೇಳಿದ್ದೇನು ಎಂಬುದು ಮುಖ್ಯ, ಸ್ವಾರ್ಥ ಸಲ್ಲದು, ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಕೂಡದು. ಇವು ಕೇವಲ ಬುದ್ಧಿವಾದಗಳಲ್ಲ. ವಿದ್ವಾಂಸರು ಪರಸ್ಪರರ ಬರಹವನ್ನು ಓದಿ ಪ್ರಶ್ನಿಸುವ ಏರ್ಪಾಡು ಇದ್ದಾಗ ಮಾತ್ರ ಉಳಿಯುವ ಮೌಲ್ಯಗಳು. ಓದಿನ ಜಾಗದಲ್ಲಿ ಎಣಿಕೆ ಬಂದರೆ ಪರೀಕ್ಷಿಸುವ ಗುಣವೇ ಮೊದಲು ಸಾಯುತ್ತದೆ.

ಫ್ರಾನ್ಸಿನ ಪಿಯರೆ ಬೋರ್ದ್ಯೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಫ್ರೆಂಚ್ ವಿಶ್ವವಿದ್ಯಾಲಯಗಳನ್ನು ಕುರಿತ 1984ರ ಕೃತಿಯಲ್ಲಿ ಅವರು ಎರಡು ಬಗೆಯ ಅಧಿಕಾರವನ್ನು ಬೇರ್ಪಡಿಸಿದರು. ಒಂದು, ವಿದ್ವತ್ತಿನಿಂದ ದಕ್ಕುವ ಮನ್ನಣೆ. ಇನ್ನೊಂದು, ನೇಮಕ, ಪರೀಕ್ಷೆ, ಸಮಿತಿಗಳ ಮೇಲಿನ ಹಿಡಿತದಿಂದ ಬರುವ ಬಲ. ನಮ್ಮಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿದೆ. ಶಿಷ್ಯವೇತನದ ದೃಢೀಕರಣದಿಂದ ಹಿಡಿದು ಮಹಾಪ್ರಬಂಧದ ಸಲ್ಲಿಕೆಯವರೆಗೆ ಎಲ್ಲಕ್ಕೂ ಮಾರ್ಗದರ್ಶಕರ ಸಹಿ ಬೇಕಿರುವ ವಿದ್ಯಾರ್ಥಿ ಅವರ ವಾದವನ್ನು ಖಂಡಿಸುವ ಧೈರ್ಯ ಮಾಡುವುದು ಹೇಗೆ? ಭಿನ್ನಾಭಿಪ್ರಾಯವೇ ದುಬಾರಿಯಾದ ಕಡೆ ಹೊಸ ವಿಚಾರ ಹುಟ್ಟುವುದಿಲ್ಲ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಒಂದು ಮಾತು ಹೇಳಿದರು. ಮಾನವಶಾಸ್ತ್ರಜ್ಞೆ ಮರ್ಲಿನ್ ಸ್ಟ್ರಾಥರ್ನ್ 1997ರಲ್ಲಿ ಅದನ್ನು ವಿಶ್ವವಿದ್ಯಾಲಯಗಳಿಗೆ ಅನ್ವಯಿಸಿದರು. ಅಳತೆಗೋಲೇ ಗುರಿಯಾದಾಗ ಅದು ಅಳತೆಗೋಲಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ಆಡಳಿತದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಟ್ಟ ಸಸಿಗಳ ಸಂಖ್ಯೆ ಕಡತದಲ್ಲಿ ಹುಲುಸಾಗಿ ಬೆಳೆಯುತ್ತದೆ. ಬದುಕುಳಿದ ಮರಗಳ ಲೆಕ್ಕ ಕೇಳುವವರಿರುವುದಿಲ್ಲ.

ಮೈಸೂರಿನವರಾದ ಎಂ.ಎನ್. ಶ್ರೀನಿವಾಸ್ ಅವರ ನಿದರ್ಶನವನ್ನೇ ನೋಡೋಣ. ರಾಂಪುರವೆಂದು ಅವರು ಕರೆದ ಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದವು. ನೆನಪನ್ನು ಆಧರಿಸಿ ಅವರು ಬರೆದ ಕೃತಿ ಹೊರಬಂದದ್ದು 1976ರಲ್ಲಿ. ನಡುವೆ ಮಹತ್ವದ ಬೇರೆ ಬರಹಗಳು ಬಂದವು, ನಿಜ. ಆದರೂ ಒಂದು ಹಳ್ಳಿಯ ಅಧ್ಯಯನ ಪಕ್ವವಾಗಲು ಹಿಡಿದ 28 ವರ್ಷಗಳನ್ನು ಯಾವ ಅಂಕಪಟ್ಟಿಯ ಯಾವ ಕಾಲಮಿನಲ್ಲಿ ತುಂಬುವುದು?

ಹಾಗೆಂದು ಅಳತೆಯೇ ಬೇಡವೆನ್ನುವಂತಿಲ್ಲ. ಅಂಕಪದ್ಧತಿ ಬಂದದ್ದೇ ಸಂದರ್ಶನ ಸಮಿತಿಗಳ ಸ್ವಜನಪಕ್ಷಪಾತಕ್ಕೆ ಕಡಿವಾಣ ಹಾಕಲು ಎಂಬ ವಾದದಲ್ಲಿ ಹುರುಳಿದೆ. ಜಾತಿ, ಶಿಫಾರಸು, ಪ್ರಭಾವಗಳ ಬಲವಿಲ್ಲದ ಅಭ್ಯರ್ಥಿಗೆ ಸಂಖ್ಯೆಯೊಂದೇ ಆಸರೆ. ಎಣಿಕೆಯನ್ನು ತೆಗೆದು ಆ ಜಾಗದಲ್ಲಿ ಹಳೆಯ ಗುಟ್ಟಿನ ವಿವೇಚನೆಯನ್ನು ಕೂರಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ. ಬೇಕಿರುವುದು ಬಹಿರಂಗವಾದ ವಿವೇಚನೆ.

ಅದಕ್ಕೆ ಎರಡು ಸರಳ ಕ್ರಮಗಳು ಸಾಕು. ಬಡ್ತಿಗೆ ಅರ್ಜಿ ಹಾಕುವವರು ತಮ್ಮ ಅತ್ಯುತ್ತಮ ಮೂರು ಬರಹಗಳನ್ನಷ್ಟೇ ಸಲ್ಲಿಸಲಿ. ಸಮಿತಿಯ ಪ್ರತಿ ಸದಸ್ಯರೂ ಅವನ್ನು ಓದಿ, ಹೆಸರು ಸಹಿತ ಲಿಖಿತ ಅಭಿಪ್ರಾಯ ನೀಡಲಿ, ಅದು ಪ್ರಕಟವಾಗಲಿ. ಎರಡನೆಯದಾಗಿ, ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಜಾಲತಾಣ ಸೇರುವಾಗ ಪರೀಕ್ಷಕರ ವರದಿಗಳೂ ಜೊತೆಗೆ ಸೇರಲಿ. ಓದದೆ ಹೊಗಳಿದವರು ಯಾರೆಂಬುದು ಆಗ ಜಗಜ್ಜಾಹೀರಾಗುತ್ತದೆ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ.

ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಆಯೋಗವು 2022ರಲ್ಲಿ ಕೈಬಿಟ್ಟಿತ್ತು. ಈಗ ಪಟ್ಟಿಯೂ ಹೋಗಿದೆ. ದಿಲ್ಲಿಯತ್ತ ಬೆರಳು ತೋರಿಸುವ ನೆಪ ವಿಶ್ವವಿದ್ಯಾಲಯಗಳಿಗೆ ಉಳಿದಿಲ್ಲ. ಕೇಳಿಕೊಳ್ಳುತ್ತ ಬಂದ ಸ್ವಾಯತ್ತತೆ ಕೈಗೆ ಬಂದಿರುವಾಗ, ತಮ್ಮದೇ ಒಂದು ಪಟ್ಟಿ ಹೊಸೆಯಲು ಅವು ಕುಳಿತರೆ ಹಳೆಯ ಕಥೆಯೇ ಮರುಕಳಿಸೀತು. ಅವು ಮೊದಲು ಓದಲು ಕುಳಿತುಕೊಳ್ಳಲಿ.