ಅಣೆಕಟ್ಟಿಗೆ 20 ಕಿಲೋಮೀಟರ್, ಮಣ್ಣಿನ ಗೋಡೆಗೆ 200 ಮೀಟರ್

ಕೃಷ್ಣರಾಜಸಾಗರ ಅಣೆಕಟ್ಟಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ ಯಾವುದೂ ನಡೆಯಕೂಡದೆಂದು ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಹಾಕಿತು. ಅದಕ್ಕೂ ಮೊದಲು, 2022ರ ಜುಲೈನಲ್ಲಿ, ಅದರ ಸಮೀಪದ ಬೇಬಿ ಬೆಟ್ಟದಲ್ಲಿ ಪ್ರಾಯೋಗಿಕ ಸ್ಫೋಟ ನಡೆಸಲು ಬಂದಿದ್ದ ತಜ್ಞರನ್ನು ರೈತರೇ ತಡೆದು ನಿಲ್ಲಿಸಿದ್ದರು. ಆ ಎಚ್ಚರ ಅತಿಯಾಯಿತು ಎನ್ನಲಾರೆ. ಅಣೆಕಟ್ಟಿನ ವಿಷಯದಲ್ಲಿ ಪ್ರಯೋಗ ಮಾಡಿ ನೋಡೋಣ ಎಂಬ ಮಾತಿಗೆ ಬೆಲೆಯಿಲ್ಲ. ಆದರೆ ಅದೇ ಜಿಲೆಟಿನ್ ಕಡ್ಡಿ ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದರ ಮಗ್ಗುಲಲ್ಲಿ ಸಿಡಿದಾಗ ಲೆಕ್ಕವೇ ಬದಲಾಗುತ್ತದೆ. 2020ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಳಿದಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದ, ಮನೆಗಳಿಂದ ಇರಬೇಕಾದ ದೂರ ಇಷ್ಟೇ: ಸ್ಫೋಟವಿಲ್ಲದ ಕ್ವಾರಿಗೆ 100 ಮೀಟರ್, ಸ್ಫೋಟವಿದ್ದರೆ 200 ಮೀಟರ್. ಇತ್ತ ಗಣಿ ಸುರಕ್ಷತೆಯ ಲೆಕ್ಕದಲ್ಲಿ ಆಳ ಕುಳಿಯ ಸ್ಫೋಟಕ್ಕೆ 500 ಮೀಟರ್ ಸುತ್ತ ಅಪಾಯ ವಲಯ. ಅಲ್ಲಿದ್ದವರೆಲ್ಲ ಮರೆಗೆ ಸರಿಯಬೇಕು. ಅಂದರೆ ಕಾನೂನುಬದ್ಧ ದೂರದಲ್ಲಿರುವ ಮನೆಯೊಂದು ಕಾನೂನುಬದ್ಧ ಅಪಾಯ ವಲಯದ ಒಳಗೇ ಕೂತಿರುತ್ತದೆ. ಈ ವಿರೋಧಾಭಾಸ ಯಾವ ಕಚೇರಿಯ ನಿದ್ದೆಯನ್ನೂ ಕೆಡಿಸಿದಂತಿಲ್ಲ.

ಮಿತಿಯೇ ಇಲ್ಲವೆಂದು ದೂರುವುದು ತಪ್ಪಾಗುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ 7ನೇ ತಾಂತ್ರಿಕ ಸುತ್ತೋಲೆ, ಕಟ್ಟಡದ ಬುಡದಲ್ಲಿ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಬಹುದೆಂದು ಸ್ಪಷ್ಟವಾಗಿ ಬರೆದಿದೆ. ಗಣಿ ಮಾಲೀಕನದಲ್ಲದ ವಾಸದ ಮನೆಗೆ, ಕಂಪನದ ಆವರ್ತನ 8 ಹರ್ಟ್ಜ್‌ಗಿಂತ ಕಡಿಮೆಯಿದ್ದರೆ 5 ಮಿ.ಮೀ., 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15. ಐತಿಹಾಸಿಕ, ಸೂಕ್ಷ್ಮ ಕಟ್ಟಡಗಳಿಗೆ 2, 5, 10. ನಿಧಾನ ಕಂಪನಕ್ಕೆ ಮಿತಿ ಬಿಗಿಯಾಗಿರುವುದಕ್ಕೆ ಕಾರಣವಿದೆ: ಒಂದೆರಡು ಅಂತಸ್ತಿನ ಮನೆಗಳ ಸಹಜ ತೂಗಾಟ ಹತ್ತಿರಹತ್ತಿರ ಅದೇ ಲಯದ್ದು, ಲಯ ಕೂಡಿದರೆ ಗೋಡೆ ನೆಲಕ್ಕಿಂತ ಹೆಚ್ಚು ಅಲುಗುತ್ತದೆ. ಕೃಷ್ಣೆಯ ದಂಡೆಯ ದಪ್ಪ ಎರೆಮಣ್ಣಿನಂಥ ನೆಲ ಚುರುಕಾದ ಕಂಪನವನ್ನು ಸೋಸಿ ನಿಧಾನದ್ದನ್ನೇ ಮುಂದೆ ಸಾಗಿಸುತ್ತದೆ. ಆದ್ದರಿಂದ ಸಾಂಗ್ಲಿ ಜಿಲ್ಲೆಯ ಮೀರಜದ ಬಯಲಿಗೆ ಅನ್ವಯಿಸಬೇಕಾದ ಅಂಕಿ 15 ಅಲ್ಲ, 5 ಎಂದೇ ಹಿಡಿದು ಹೊರಡಬೇಕು. ಸುತ್ತೋಲೆಯ ದೊಡ್ಡ ದೋಷ ಇನ್ನೊಂದು ಕಡೆಯಿದೆ. ಕಚ್ಚಾ ಮನೆ, ಇಟ್ಟಿಗೆ-ಸಿಮೆಂಟಿನ ಮನೆ ಎರಡನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸಿದೆ. ಮೀರಜದ ಖ್ವಾಜಾ ಶಮ್ನಾ ಮೀರಾ ದರ್ಗಾಕ್ಕೆ 2 ಮಿ.ಮೀ. ಎಂದರೆ ಒಪ್ಪತಕ್ಕದ್ದೇ, ಆದರೆ ಜತ್ತ ತಾಲೂಕಿನ ಉಮದಿ, ಸಂಖದ ಕಡೆ ಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಮನೆಗೆ ಸಾಂಗ್ಲಿಯ ಕಾಂಕ್ರೀಟ್ ಬಂಗಲೆಯ ಮಿತಿಯನ್ನೇ ಕೊಟ್ಟಿರುವುದು ಯಾವ ನ್ಯಾಯ?

ಸದ್ದಿನ ಕಾನೂನಂತೂ ಇದಕ್ಕೆ ಹೊಂದುವುದೇ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ಎನ್ನುತ್ತವೆ, ಆದರೆ ಅದು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ ಸರಾಸರಿ. ಗಣೇಶ ವಿಸರ್ಜನೆಯ ಡಿಜೆ ಗಂಟೆಗಟ್ಟಲೆ ಅಬ್ಬರಿಸುತ್ತದೆ, ಆದ್ದರಿಂದ ಈ ಅಳತೆಗೆ ಸಿಕ್ಕಿಬೀಳುತ್ತದೆ. ಕ್ವಾರಿಯ ಸದ್ದು ಒಂದು ಸೆಕೆಂಡಿನದು. ಮನೆಯಂಗಳದಲ್ಲಿ 95 ಡೆಸಿಬಲ್ ಕೇಳಿಸುವ ಒಂದು ಸೆಕೆಂಡಿನ ಸ್ಫೋಟವನ್ನು ಹದಿನಾರು ಗಂಟೆಗೆ ಹಂಚಿದರೆ ಉಳಿಯುವುದು ಸುಮಾರು 47. ತೊಟ್ಟಿಲ ಕೂಸು ಬೆಚ್ಚಿಬಿದ್ದು ಅತ್ತರೂ ಕಾನೂನಿನ ಲೆಕ್ಕದಲ್ಲಿ ಅದು ಪ್ರಶಾಂತ ದಿನ. ಸಾಲದ್ದಕ್ಕೆ ಈ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದು. ಸ್ಫೋಟದ ಗಾಳಿಯ ಒತ್ತಡದಲ್ಲಿ ಬಹುಪಾಲು ಕಿವಿಗೆ ಕೇಳದ, ಕಿಟಕಿ ಬಾಗಿಲನ್ನು ಗಡಗಡ ಅಲುಗಿಸುವ ಭಾಗ. ಅಮೆರಿಕದ ಕಲ್ಲಿದ್ದಲು ಗಣಿ ನಿಯಮ ಇದನ್ನು ಗುರುತಿಸಿ, 2 ಹರ್ಟ್ಜ್‌ವರೆಗೆ ಗ್ರಹಿಸುವ ಉಪಕರಣದಲ್ಲಿ 133 ಡೆಸಿಬಲ್ ಎಂಬ ಪ್ರತ್ಯೇಕ ಮಿತಿ ಇಟ್ಟಿದೆ.

ಇಷ್ಟಾಗಿಯೂ ನನ್ನ ಮುಖ್ಯ ತಕರಾರು ಅಂಕಿಯ ಮೇಲಲ್ಲ. ಆ ಅಂಕಿಯನ್ನು ಯಾರು ಅಳೆಯುತ್ತಾರೆ, ಎಲ್ಲಿ ಅಳೆಯುತ್ತಾರೆ, ಹಾನಿಯಾದರೆ ಸಾಬೀತುಪಡಿಸುವ ಹೊರೆ ಯಾರ ಹೆಗಲಿಗೆ ಎಂಬುದರ ಮೇಲೆ. ಇಂದು ತಕ್ಕಡಿ ಹಿಡಿದವನೇ ವ್ಯಾಪಾರಿ. ಕಂಪನ ಅಳೆಯುವ ಯಂತ್ರ ತರಿಸುವವನು ಸಾಮಾನ್ಯವಾಗಿ ಗುತ್ತಿಗೆದಾರನೇ, ಯಾವ ದಿನ ಎಷ್ಟು ಮದ್ದು ತುಂಬಬೇಕೆಂದು ತೀರ್ಮಾನಿಸುವವನೂ ಅವನೇ. ದೂರು ಕೊಡಲು ಹೊರಟವನಿಗೆ ಕಲ್ಲಿನ ಗುತ್ತಿಗೆ ಜಿಲ್ಲಾಧಿಕಾರಿಯದು, ಗಣಿ ಸುರಕ್ಷತೆ ಧನಬಾದದ್ದು, ಸ್ಫೋಟಕದ ಪರವಾನಗಿ ನಾಗಪುರದ್ದು, ಸದ್ದು ಮಾಲಿನ್ಯ ಮಂಡಳಿಯದು. ಕೊನೆಗೆ ಮನೆಗೆ ಬರುವವನು ತಲಾಠಿ. ಅವನ ಪಂಚನಾಮೆ ಗೋಡೆಯಲ್ಲಿ ಬಿರುಕು ಇದೆ ಎಂದು ಹೇಳಬಲ್ಲದು, ಯಾವಾಗ ಬಿಟ್ಟಿತು ಎಂದು ಹೇಳಲಾರದು. ಪ್ರಕರಣ ಸಾಯುವುದು ಅಲ್ಲೇ. ಹಸಿರು ನ್ಯಾಯಮಂಡಳಿ ಕಾಯ್ದೆಯ 17ನೇ ಕಲಮು ತಪ್ಪು ಯಾರದೆಂದು ಸಾಬೀತುಪಡಿಸದೆಯೂ ಪರಿಹಾರ ಕೊಡಿಸಬಲ್ಲದು ನಿಜ, ಆದರೆ ಅದರ ಪಶ್ಚಿಮ ಪೀಠ ಪುಣೆಯಲ್ಲಿದೆ. ಒಂದು ಗೋಡೆಯ ಬಿರುಕಿಗಾಗಿ ಜತ್ತದಿಂದ ಪುಣೆಗೆ ಯಾರು ಎಡತಾಕಿಯಾರು?

ಬಿರುಕಿಗೆ ಕಾರಣ ಎರೆಮಣ್ಣು, ಮದ್ದಲ್ಲ ಎಂದು ಕ್ವಾರಿಯವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯ್ಬಿಡುವ ಈ ಮಣ್ಣು ಯಾವ ಸ್ಫೋಟವೂ ಇಲ್ಲದೆ ಪಾಯ ಎತ್ತಿಹಾಕುತ್ತದೆ. 1967ರ ಡಿಸೆಂಬರಿನ ಕೊಯ್ನಾ ಭೂಕಂಪದಿಂದೀಚೆಗೆ ಆ ಸೀಮೆಯ ನೆಲ ಆಗಾಗ ನಡುಗುತ್ತಲೇ ಬಂದಿದೆ. ಬಾಗಿಲು ಧಡಾರನೆ ಮುಚ್ಚಿದರೂ, ಹವೆ ಬದಲಾದರೂ ಗೋಡೆಯಲ್ಲಿ ಸಣ್ಣ ಸ್ಫೋಟದಷ್ಟೇ ಎಳೆತ ಉಂಟಾಗುತ್ತದೆಂದು ಅಮೆರಿಕದ ಗಣಿ ಬ್ಯೂರೋದ ಅಧ್ಯಯನಗಳೇ ತೋರಿಸಿವೆ. ಅವು ಮರದ ಚೌಕಟ್ಟಿನ ಮನೆಗಳ ಅಧ್ಯಯನ ಎಂಬುದನ್ನು ಮಾತ್ರ ಇಲ್ಲಿ ಯಾರೂ ಹೇಳುವುದಿಲ್ಲ. ಆದರೆ ಕಾರಣಗಳು ಹಲವು ಎಂಬ ಈ ವಾದವೇ ಮುಂಚಿತ ಸಮೀಕ್ಷೆಗೆ ಅತಿ ಬಲವಾದ ಆಧಾರ. ಅದೇ ಅಮೆರಿಕದ ನಿಯಮದಂತೆ, ಸ್ಫೋಟ ಶುರುವಾಗುವ 30 ದಿನ ಮೊದಲೇ ಅರ್ಧ ಮೈಲಿಯೊಳಗಿನ ಪ್ರತಿ ಮನೆಗೂ ತಿಳಿಸಬೇಕು; ಮನೆಯವರು ಕೇಳಿದರೆ ಈಗಿರುವ ಬಿರುಕುಗಳನ್ನೆಲ್ಲ ಕಂಪನಿಯ ಖರ್ಚಿನಲ್ಲಿ ದಾಖಲಿಸಬೇಕು. ನಮ್ಮಲ್ಲಿ ಇದು ಇನ್ನೂ ಅಗ್ಗ. ಹಳೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ಕೂರಿಸಿ, ಅದರ ಮೇಲೆ ತಾರೀಖು ಬರೆದು ಫೋಟೊ ತೆಗೆದರೆ ಸಾಕು. ಗೋಡೆ ಸರಿದರೆ ಗಾಜು ಸೀಳುತ್ತದೆ. ಗುಡಿಯದೋ ಶಾಲೆಯದೋ ಪಾಯದ ಬುಡದಲ್ಲಿ ಜಿಲ್ಲಾಡಳಿತದ ಮೊಹರಿನ ಕಂಪನಮಾಪಕ ಕಾಯಂ ಇದ್ದರೆ, ಗಾಜು ಸೀಳಿದ್ದು ಮಳೆಗೋ ಮದ್ದಿಗೋ ಎಂದು ಕಂಪನದ ದಾಖಲೆಯೊಂದಿಗೆ ಹೋಲಿಸಿ ನೋಡಬಹುದು. ಪ್ರಾಮಾಣಿಕ ಕ್ವಾರಿ ಮಾಲೀಕನಿಗೆ ಸುಳ್ಳು ದೂರಿನಿಂದ ಇದಕ್ಕಿಂತ ಒಳ್ಳೆಯ ರಕ್ಷಣೆಯಿಲ್ಲ. ಆದರೂ ಈ ಬೇಡಿಕೆ ಅವರ ಕಡೆಯಿಂದ ಬರುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ರಸ್ತೆಗೆ ಖಡಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ಇದೆ. ಮೀರಜವನ್ನು ಹಾದುಹೋಗುವ ರತ್ನಾಗಿರಿ-ನಾಗಪುರ ಹೆದ್ದಾರಿಗೆ ಕಲ್ಲು ಬೇಕಾಗಿತ್ತು, ಮುಂದಿನ ಹೆದ್ದಾರಿಗಳಿಗೂ ಬೇಕು. ಆದರೆ ಮಿತಿ ಪಾಲಿಸಲು ಕ್ವಾರಿ ಮುಚ್ಚಬೇಕಾಗಿಲ್ಲ. ಗೋಡೆಗೆ ತಟ್ಟುವ ಕಂಪನವನ್ನು ಮುಖ್ಯವಾಗಿ ನಿರ್ಧರಿಸುವುದು ದಿನದ ಒಟ್ಟು ಮದ್ದಲ್ಲ, ಒಂದೇ ಕ್ಷಣಕ್ಕೆ ಸಿಡಿಯುವ ಮದ್ದು. ಅದನ್ನು ಕಾಲು ಭಾಗಕ್ಕೆ ಇಳಿಸುವುದೂ ಮನೆಯನ್ನು ಎರಡು ಪಟ್ಟು ದೂರ ಸರಿಸುವುದೂ ಲೆಕ್ಕದಲ್ಲಿ ಒಂದೇ. ಕಂಪನ ಸುಮಾರು ಮೂರನೇ ಒಂದಕ್ಕೆ ಕುಸಿಯುತ್ತದೆ. ಕುಳಿಗಳನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಸುವ ಡಿಟೋನೇಟರುಗಳು ಮಾರುಕಟ್ಟೆಯಲ್ಲಿ ಎಂದಿನಿಂದಲೋ ಇವೆ. ತಗಲುವ ಹೆಚ್ಚುವರಿ ಖರ್ಚನ್ನು ಖಡಿಯ ಬೆಲೆಯಲ್ಲಿ ಸೇರಿಸಲಿ. ಈಗ ಅದನ್ನು ಭರಿಸುತ್ತಿರುವುದು ಪಕ್ಕದ ಮನೆಯ ಗೋಡೆ.

2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳು ಯಾರವೆಂದು ಬೆಂಗಳೂರು-ಮುಂಬಯಿ ನಡುವೆ ದೊಡ್ಡ ಮಾತಿನ ಕಾಳಗವೇ ನಡೆಯಿತು. ಆ ಹಳ್ಳಿಗಳ ಮನೆ ನಡುಗಿದರೆ ಯಾರು ಹೊಣೆ ಎಂದು ಎರಡೂ ಕಡೆಯವರು ಕೇಳಲಿಲ್ಲ. ಇದಕ್ಕೆ ಗಡಿ ಇತ್ಯರ್ಥವಾಗುವ ತನಕವಾಗಲಿ, ದಿಲ್ಲಿ ಹೊಸ ಕಾಯ್ದೆ ತರುವ ತನಕವಾಗಲಿ ಕಾಯಬೇಕಿಲ್ಲ. ಗುತ್ತಿಗೆ ಕೊಡುವಾಗ, ನವೀಕರಿಸುವಾಗ ಷರತ್ತು ಹಾಕುವ ಅವಕಾಶ ಸಾಂಗ್ಲಿ ಜಿಲ್ಲಾಧಿಕಾರಿಗೆ ಇದ್ದೇ ಇದೆ: 500 ಮೀಟರ್ ಒಳಗಿನ ಮನೆಗಳ ಸಮೀಕ್ಷೆ, ಸರ್ಕಾರಿ ಸುಪರ್ದಿನ ಯಂತ್ರ, ಕಲ್ಲು-ಮಣ್ಣಿನ ಮನೆಗೆ 2 ಮಿ.ಮೀ. ಮಿತಿ, ಮಿತಿ ಮೀರಿದ ದಿನ ಉಂಟಾದ ಬಿರುಕಿಗೆ ತಾನು ಕಾರಣನಲ್ಲವೆಂದು ತೋರಿಸುವ ಹೊರೆ ಗುತ್ತಿಗೆದಾರನಿಗೆ. ಬಾವಿ ತೋಡಲು ನಾಲ್ಕು ಕುಳಿ ಹಾರಿಸುವ ರೈತನನ್ನು ಈ ಯಂತ್ರದ ಗೋಜಿಗೆ ಎಳೆಯಬೇಕಿಲ್ಲ, ಅವನಿಗೆ ಮದ್ದಿನ ತೂಕದ ಮಿತಿಯೂ ನೆರೆಯವರಿಗೆ ಮುನ್ಸೂಚನೆಯೂ ಸಾಕು. ಸ್ಫೋಟದ ವೇಳಾಪಟ್ಟಿಯನ್ನು ಗ್ರಾಮ ಪಂಚಾಯತಿಯ ಫಲಕದ ಮೇಲೆ ಮರಾಠಿಯ ಜೊತೆಗೆ ಕನ್ನಡದಲ್ಲೂ ಅಂಟಿಸಲಿ, ಪ್ರತಿ ಸ್ಫೋಟದ ಕಂಪನದ ಅಂಕಿಯನ್ನು ಅದೇ ಸಂಜೆ ಅದರ ಪಕ್ಕದಲ್ಲಿ ಬರೆಯಲಿ.